ಬಿಸಿಲೇರಿದಾಗ

ಬೆಳಗಿನ ತಂಪಿನಲ್ಲಿ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ. ಅವುಗಳ ನಿಜವಾದ ಪರೀಕ್ಷೆ ನಡೆಯುವುದು ಮೇ ತಿಂಗಳ ಮಧ್ಯಾಹ್ನ, ಸೇಡಂನಿಂದ ಚಿಂಚೋಳಿಗೋ ವಾಡಿಯಿಂದ ಚಿತ್ತಾಪುರಕ್ಕೋ ಹೋಗುವ ದಾರಿಯಲ್ಲಿ. ನಮ್ಮ ಸೀಮೆಯಲ್ಲಿ ಆಗ ಬಿಸಿಲು 40 ಡಿಗ್ರಿ ದಾಟುವುದು ಹೊಸತೇನಲ್ಲ. ಸಿಮೆಂಟು ಹೊತ್ತ ಲಾರಿಗಳ ಹಿಂದೆ ನಿಧಾನವಾಗಿ ಸಾಗುವಾಗ ಎದುರುಗಾಳಿ ಸಾಲದೆ ಬಾನೆಟ್ಟಿನೊಳಗೆ ಕಾವು ತುಂಬುತ್ತದೆ. ಎಂಜಿನ್ ಒಮ್ಮೆಲೇ ನಿಂತುಬಿಡುತ್ತದೆ. ಬೇವಿನ ನೆರಳಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿಯೂ ಸೊಗಸಾಗಿ ಓಡುತ್ತದೆ!

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ಕಾಲದಲ್ಲಿ ಇದರ ಕಾರಣ ಬಹುಮಟ್ಟಿಗೆ ಪೆಟ್ರೋಲಿನ ಆವಿ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ದ್ರವವನ್ನು ತಳ್ಳಬೇಕಾದ ಪಂಪಿನಲ್ಲಿ ಆವಿ ತುಂಬಿದರೆ ಎಂಜಿನ್‌ಗೆ ಇಂಧನ ತಲುಪುವುದಿಲ್ಲ. ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಮುಂದೆ ಸಾಗುತ್ತಿದ್ದರು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇರುವ ಇಂದಿನ ಕಾರುಗಳಲ್ಲಿ ಆ ತೊಂದರೆ ಅಪರೂಪ. ಆದರೆ ಎಂಜಿನ್ ತಿರುಗುತ್ತಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಎಂಬ ಚಿಕ್ಕ ಭಾಗವೊಂದಿದೆ. ಹಲವು ಕಾರುಗಳಲ್ಲಿ ಅದರೊಳಗೆ ಸಣ್ಣ ತಾಮ್ರದ ತಂತಿಯ ಸುರುಳಿ ಇರುತ್ತದೆ. ಬಿರುಕುಬಿಟ್ಟ ತಂತಿ ಕಾದಾಗ ಅಗಲುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಅಗಲಿದ ಕ್ಷಣದಲ್ಲಿ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ.

ಶಹಾಬಾದಿನ ಗ್ಯಾರೇಜಿನಲ್ಲಿ ಅನುಭವಿ ಮಿಸ್ತ್ರಿಯೊಬ್ಬರು ಇಂಥ ಗಾಡಿಯನ್ನು ನೋಡಿದ ರೀತಿ ನನ್ನ ನೆನಪಿನಲ್ಲಿದೆ. ಅವರು ಒಂದು ನಟ್ಟನ್ನೂ ಬಿಚ್ಚಲಿಲ್ಲ. ಬಾನೆಟ್ ಮುಚ್ಚಿ, ಎಂಜಿನ್ ಕಾದು ನಿಲ್ಲುವವರೆಗೆ ಓಡಿಸಿದರು. ನಿಂತ ಕೂಡಲೇ ಕಿಡಿ ಬರುತ್ತಿದೆಯೇ, ಪೆಟ್ರೋಲ್ ಬರುತ್ತಿದೆಯೇ ಎಂದು ನೋಡಿದರು. “ಥಂಡ ಇದ್ದಾಗ ನೋಡಿದ್ರ ಏನೂ ಸಿಗಲ್ರಿ ಫಾದರ್, ಬಂದ್ ಬಿದ್ದಾಗೇ ನೋಡಬೇಕ್ರಿ” ಎಂದರು.

ಬಿತ್ತುವವನ ಸಾಮತಿಯಲ್ಲಿ ಯೇಸುಸ್ವಾಮಿ ಹೇಳಿದ್ದೂ ಇಂಥದೇ ಸಂಗತಿಯನ್ನು. ಕಲ್ಲುನೆಲದ ಮೇಲೆ ಬಿದ್ದ ಬೀಜ ಬೇಗನೆ ಮೊಳೆಯಿತು, ಬಿಸಿಲೇರಿದಾಗ ಒಣಗಿತು. ಪರಸಿಯ ಮೇಲೆ ತೆಳುಮಣ್ಣಿರುವ ಹೊಲಗಳನ್ನು ಕಂಡ ನಮಗೆ ಇದಕ್ಕೆ ವ್ಯಾಖ್ಯಾನ ಬೇಡ. ಸ್ವಾಮಿ ಬಿಸಿಲನ್ನು ದೂರಲಿಲ್ಲ, ಬೇರಿಲ್ಲದ್ದನ್ನು ತೋರಿಸಿದರು. ಅದೇ ಬಿಸಿಲಿನಲ್ಲಿ ಪಕ್ಕದ ಹೊಲದ ಪೈರು ಫಲಿಸುತ್ತದೆ.

ಭಾನುವಾರದ ಬಲಿಪೂಜೆಯಲ್ಲಿ ನಾವೆಲ್ಲರೂ ತಣ್ಣಗಿರುತ್ತೇವೆ. ಕಾವೇರುವುದು ಬೇರೆಡೆ: ಪಾಳಿ ಮುಗಿಸಿ ಮನೆಗೆ ಬಂದ ಸಂಜೆ, ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ದಿನ, ವಯಸ್ಸಾದ ತಾಯಿ ಅದೇ ಮಾತನ್ನು ನಾಲ್ಕನೆಯ ಸಲ ಕೇಳಿದಾಗ. ಆಗ ನಮ್ಮ ತಾಳ್ಮೆ, ಕೆಲವೊಮ್ಮೆ ಪ್ರೀತಿಯೇ ನಿಂತುಹೋಗುತ್ತದೆ. ಮರುದಿನ ಮಾತು ಶುರುವಾದರೆ ಸಾಕೆಂದು ಒದ್ದೆ ಬಟ್ಟೆ ಹಾಕಿ ಮುಂದೆ ಸಾಗುತ್ತೇವೆ. ಒಡೆದ ತಂತಿ ಹಾಗೆಯೇ ಉಳಿಯುತ್ತದೆ.

ಲೊಯೊಲಾದ ಸಂತ ಇಗ್ನಾಸಿಯವರು 16ನೆಯ ಶತಮಾನದಲ್ಲಿ ಕಲಿಸಿದ ಆತ್ಮಶೋಧನೆ ದಿನದ ಗಳಿಗೆಗಳನ್ನು ಒಂದೊಂದಾಗಿ ಹಿಂದಿರುಗಿ ನೋಡುವ ಅಭ್ಯಾಸ. ಪಾಪನಿವೇದನೆಗೆ ಬರುವ ಮುನ್ನ ಅದನ್ನು ಮಾಡೋಣ. ‘ಕೋಪಗೊಂಡೆ’ ಎಂಬಷ್ಟಕ್ಕೆ ನಿಲ್ಲದೆ, ಯಾರೆದುರು, ಯಾವ ಹೊತ್ತಿನಲ್ಲಿ, ಏನನ್ನು ಕಳೆದುಕೊಳ್ಳುವ ಭಯದಿಂದ ಎಂದು ಕೇಳಿಕೊಳ್ಳೋಣ.

ಇನ್ನೊಬ್ಬರು ಕಾದು ನಿಂತಾಗ ಬೇರೊಂದು ಎಚ್ಚರ ಬೇಕು. ಕುದಿಯುವ ರೇಡಿಯೇಟರಿನ ಮುಚ್ಚಳ ತೆರೆದರೆ ಕೈ ಸುಡುತ್ತದೆ. ಮೊದಲು ನೆರಳು, ನೀರು, ಮೌನ, ಆಮೇಲೆ ಮಾತು. ಆದರೆ ಆ ಮಾತು ತಪ್ಪದಿರಲಿ.

ಈ ವಾರ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, “ನಾನು ಯಾವಾಗ ನಿಂತುಹೋಗುತ್ತೇನೆ?” ಎಂದು ಮನೆಯವರನ್ನು ಕೇಳಿರಿ. ಮಕ್ಕಳಿಗೂ ಉತ್ತರ ಗೊತ್ತಿರುತ್ತದೆ. ಅವರು ಹೇಳುವುದನ್ನು ನಡುವೆ ತಡೆಯದೆ ಕೇಳುವ ಕೃಪೆಯನ್ನು ಪ್ರಭು ನಮಗೆ ದಯಪಾಲಿಸಲಿ.