ಅಟ್ಟದ ಮೇಲಿನ ಕೇರಂ ಬೋರ್ಡು

ಸಿವಿಲ್ ಎಂಜಿನಿಯರಿಂಗ್ ಓದುವಾಗ ಬಿ. ಜಿ. ನೀಲ್ ಎಂಬ ಹೆಸರು ನನಗೆ ಬರೀ ಪುಸ್ತಕದ ಬೆನ್ನಿನ ಮೇಲಿನ ಹೆಸರಾಗಿತ್ತು. ಉಕ್ಕಿನ ಚೌಕಟ್ಟುಗಳು ಎಷ್ಟು ಭಾರಕ್ಕೆ ಕುಸಿಯುತ್ತವೆ ಎಂದು ಲೆಕ್ಕ ಹಾಕುವ ‘ಪ್ಲಾಸ್ಟಿಕ್ ಅನಾಲಿಸಿಸ್’ ಬಗ್ಗೆ ಅವರು 1956ರಲ್ಲಿ ಬರೆದ ಪುಸ್ತಕ ಅದು. ಪರೀಕ್ಷೆಗೆಂದು ಓದಿದೆ, ಮುಗಿದ ಮೇಲೆ ಹಿಂದಿರುಗಿಸಿದೆ. ಅದೇ ನೀಲ್ ಕ್ರೋಕೆ ಆಟದ ಚಾಂಪಿಯನ್ ಆಗಿದ್ದರೆಂದು ತಿಳಿದದ್ದು ಈಚೆಗೆ, ನಾನೇ ಆ ಪಾಠ ಮಾಡಲು ತೊಡಗಿ ಎಷ್ಟೋ ವರ್ಷವಾದ ಮೇಲೆ.

ಬರ್ನಾರ್ಡ್ ನೀಲ್ (1922–2016) ಮೊದಲು ಸ್ವಾನ್ಸಿಯಲ್ಲಿ, ಆಮೇಲೆ 1961ರಿಂದ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದವರು. ವಿಂಬಲ್ಡನ್ನಿನ ಆಲ್ ಇಂಗ್ಲೆಂಡ್ ಕ್ಲಬ್ಬಿನ ಕ್ರೋಕೆ ಚಾಂಪಿಯನ್‌ಶಿಪ್ಪನ್ನು 38 ಸಲ ಗೆದ್ದರು. ಇವತ್ತು ಟೆನಿಸ್ಸಿಗೆ ಹೆಸರಾದ ಆ ಕ್ಲಬ್ 1868ರಲ್ಲಿ ಹುಟ್ಟಿದ್ದೇ ಕ್ರೋಕೆಗಾಗಿ. ಟೆನಿಸ್ ಟೂರ್ನಿ ಶುರುವಾದದ್ದು 1877ರಲ್ಲಿ.

ಕ್ರೋಕೆ ನೋಡದವರು ನಮ್ಮ ಕೇರಂ ನೆನೆಯಬಹುದು. ಹುಲ್ಲಿನ ಅಂಗಳದಲ್ಲಿ ಆರು ಕಬ್ಬಿಣದ ಕಮಾನು, ನಾಲ್ಕು ಚೆಂಡು, ಕೈಯಲ್ಲಿ ಉದ್ದ ಹಿಡಿಯ ಮರದ ಸುತ್ತಿಗೆ. ನಿಮ್ಮ ಚೆಂಡು ಇನ್ನೊಂದು ಚೆಂಡಿಗೆ ತಗುಲಿದರೆ ಮತ್ತೆರಡು ಹೊಡೆತ ಸಿಗುತ್ತದೆ. ಸರದಿಯ ಕಮಾನಿನೊಳಗೆ ತೂರಿದರೆ ಮತ್ತೊಂದು. ಕಮಾನು ಚೆಂಡಿಗಿಂತ ಕೆಲವೇ ಮಿಲಿಮೀಟರ್ ಅಗಲ. ಕೇರಂನಲ್ಲಿ ಕಾಯಿ ಬೀಳುತ್ತಿರುವತನಕ ಸ್ಟ್ರೈಕರ್ ಕೈಬಿಡುವುದಿಲ್ಲವಲ್ಲ, ಇಲ್ಲಿಯೂ ಹಾಗೆ. ಎದುರಾಳಿ ಸುಮ್ಮನೆ ಕುಳಿತು ನೋಡಬೇಕು.

ಇದನ್ನು ಓದಿದಾಗ ನನಗೆ ಹೊಳೆದ ಮೊದಲ ಮಾತು, “ಎಂಜಿನಿಯರ್ ಅಲ್ಲವೇ, ಕೋನ, ಬಲ ಎಲ್ಲ ಲೆಕ್ಕ ಗೊತ್ತಿತ್ತು, ಗೆದ್ದರು.” ಸಮಾಧಾನವಾಯಿತು. ಸ್ವಲ್ಪ ಹೊತ್ತಿನ ಮೇಲೆ ಆ ಸಮಾಧಾನವೇ ಚುಚ್ಚತೊಡಗಿತು. ಚೌಕಟ್ಟಿನ ಲೆಕ್ಕ ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದು. ಹುಲ್ಲಿನ ಮೇಲೆ ತಪ್ಪಿದರೆ ಸರದಿ ಎದುರಾಳಿಗೆ ಹೋಗುತ್ತದೆ. ಅಲ್ಲಿ ಬೇಕಾದದ್ದು ಕೈ, ಕಣ್ಣು, ಮತ್ತೆ ಮತ್ತೆ ಆಡಿದ ವರ್ಷಗಳು. 38 ಗೆಲುವು ಒಂದೆರಡು ಬೇಸಿಗೆಯ ಹುಚ್ಚಲ್ಲ. ಆ ಆಟವನ್ನು ಉದ್ಯೋಗದ ಖಾತೆಗೆ ಜಮಾ ಮಾಡದೆ ನನಗೇಕೆ ಒಪ್ಪಲಾಗಲಿಲ್ಲ?

ಯಾಕೆಂದರೆ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೇರಂ ಬೋರ್ಡಿದೆ. ಮಗ ದ್ವಿತೀಯ ಪಿಯುಸಿಗೆ ಬಂದಾಗ “ಪರೀಕ್ಷೆ ಮುಗಿಯಲಿ, ಆಮೇಲೆ ಆಡು ಮಾರಾಯ” ಎಂದು ನಾನೇ ಹತ್ತಿಸಿಟ್ಟದ್ದು. ತಾಲೂಕು ಮಟ್ಟದಲ್ಲಿ ಗೆದ್ದು ಬಂದಿದ್ದ ಹುಡುಗ. “ಇದರಿಂದ ಏನು ಸಿಗುತ್ತೆ?” ಎಂದು ಕೇಳಿದ್ದೆ. ಅವನು ಉತ್ತರ ಕೊಡಲಿಲ್ಲ. ಪರೀಕ್ಷೆ ಮುಗಿದು ಎರಡು ವರ್ಷವಾಯಿತು. ಈಗ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದಾನೆ. ಬೋರ್ಡನ್ನು ಅವನು ಕೇಳಲೂ ಇಲ್ಲ, ನಾನು ಇಳಿಸಲೂ ಇಲ್ಲ.

ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುವ ಪಾಠವಿದೆ. ಎರಡೂ ತುದಿ ಬಿಗಿಯಾಗಿ ಹಿಡಿದ ಉಕ್ಕಿನ ತೊಲೆಯ ಮೇಲೆ ಉದ್ದಕ್ಕೂ ಸಮನಾಗಿ ಭಾರ ಹೇರುತ್ತ ಹೋದರೆ ಮೊದಲು ಸೋಲುವುದು ತುದಿಗಳು. ಅವು ಬಾಗಿಲ ತಿರುಗಣೆಯಂತೆ ತಿರುಗತೊಡಗುತ್ತವೆ. ತೊಲೆ ಆಗಲೇ ಬೀಳುವುದಿಲ್ಲ. ಭಾರ ನಡುಭಾಗಕ್ಕೆ ಸರಿಯುತ್ತದೆ. ಅಲ್ಲಿಯೂ ಮೂರನೆಯ ತಿರುಗಣೆ ಆಗುವತನಕ, ಸರಳ ಲೆಕ್ಕದಲ್ಲಿ, ಮೂರನೇ ಒಂದು ಪಾಲು ಹೆಚ್ಚು ಭಾರ ಹೊರುತ್ತದೆ. ಬಾಗಲು ಬಿಟ್ಟದ್ದರಿಂದಲೇ ಅದಕ್ಕೆ ಆ ಶಕ್ತಿ. ನೀಲ್ ಅವರ ಪುಸ್ತಕದ ವಿಷಯವೂ ಇದೇ. ಇಷ್ಟು ವರ್ಷ ಪಾಠ ಮಾಡಿದವನು ಮನೆಯಲ್ಲಿ ಮಾತ್ರ ಎಲ್ಲೂ ಬಾಗದ ತೊಲೆಯನ್ನೇ ಬಯಸಿದೆ.

ಇದನ್ನೂ ನೀತಿಪಾಠ ಮಾಡಿಬಿಟ್ಟೆನಲ್ಲ! ಆಟ ಓದಿಗೆ ಬಲ ಕೊಡುತ್ತದೆ ಎಂದರೆ ಮತ್ತೆ ಅದೇ ಜಮಾಖರ್ಚು. ನೀಲ್ ಆಡಿದ್ದು ಆಡಬೇಕೆನಿಸಿದ್ದಕ್ಕೆ ಇರಬಹುದು, ಅಷ್ಟೇ. ಮಗನೂ ಬಹುಶಃ ಅದನ್ನೇ ಹೇಳಲು ಬಾರದೆ ಸುಮ್ಮನಿದ್ದ.

ಕಳೆದ ಭಾನುವಾರ ಬೋರ್ಡನ್ನು ಇಳಿಸಿ ಒರೆಸಿದೆ. ಒಂದು ಮೂಲೆಯಲ್ಲಿ ಪ್ಲೈವುಡ್ ಉಬ್ಬಿದೆ. ಎರಡು ಬಿಳಿ ಕಾಯಿ ಕಾಣೆ. ದೀಪಾವಳಿಗೆ ಅವನು ಬರುತ್ತಾನೆ. ಆಡುತ್ತಾನೋ ಇಲ್ಲವೋ, ನಾನಂತೂ ಈ ಸಲ ಏನೂ ಕೇಳುವುದಿಲ್ಲ.