ಜುಮಾದಿಗೆ ಮೀಸೆ ಇರಬಹುದು, ನನಗೆ ಯಾಕೆ ಇರಬಾರದು?



ಭೂಮಿ, ಮೀಸಲಾತಿ, ದೌರ್ಜನ್ಯ ಅಂತ ನಾವು ದಿನಾ ಬರೀತೇವೆ. ಇವತ್ತು ನನ್ನ ಗಲ್ಲದ ಕೂದಲಿನ ಬಗ್ಗೆ ಬರೀತೇನೆ. ಇದೂ ಒಂದು ವಿಷಯವಾ ಅಂತ ಕೇಳುವವರು ಪೂರ್ತಿ ಓದಿ, ಆಮೇಲೆ ಹೇಳಿ.

ನನಗೀಗ ನಲವತ್ತಾರು. ಹದಿನೈದಕ್ಕೆ ಮೇಲ್ತುಟಿಯಲ್ಲಿ, ಇಪ್ಪತ್ತರ ಹೊತ್ತಿಗೆ ಗಲ್ಲದಲ್ಲಿ ದಪ್ಪ ಕೂದಲು ಬಂತು. ಹೈಸ್ಕೂಲಿನಲ್ಲಿ ನನಗೆ ಎರಡು ಅಡ್ಡಹೆಸರು. ಒಂದು ಜಾತಿಯದ್ದು, ಇನ್ನೊಂದು ಮೀಸೆಯದ್ದು. ಜಾತಿ ಹಿಡಿದು ಬೈದವರ ಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆ ಉಂಟು ಅಂತ ಚಳವಳಿಗೆ ಬಂದ ಮೇಲೆ ಗೊತ್ತಾಯ್ತು. ಮೀಸೆಗೆ ನಕ್ಕವರ ಮೇಲೆ ಎಂತ ಉಂಟು?

ಅಮ್ಮ ಬೀಡಿ ಕಟ್ಟಿ ಮುಗಿಸಿ ರಾತ್ರಿ ಅರಸಿನ, ಕಡ್ಲೆಹಿಟ್ಟು ಕಲಸಿ ಹಚ್ಚುತ್ತಿದ್ದರು. ಆಫೀಸಿಗೆ ಸೇರಿದ ಮೇಲೆ ಹದಿನೈದು ದಿನಕ್ಕೊಮ್ಮೆ ಥ್ರೆಡ್ಡಿಂಗ್. ಉದ್ಯಾವರದಿಂದ ಬಸ್ಸು ಹತ್ತಿದರೆ ಕಿಟಕಿ ಕಡೆಗೇ ಮುಖ. ಮಣಿಪಾಲದ ರಜತಾದ್ರಿಯೆದುರು ಧರಣಿಯಲ್ಲಿ ಮಾತಾಡುವಾಗ ಗಲ್ಲ ಕಾಣದ ಹಾಗೆ ಮೈಕ್ ಹಿಡಿಯೋದು ನನಗೆ ಅಭ್ಯಾಸ. ಪೊಲೀಸರಿಗೆ ಹೆದರದವಳು ಫೋಟೋ ತೆಗೆಯುವ ಮೊಬೈಲಿಗೆ ಹೆದರ್ತಿದ್ದೆ.

ಮೂವತ್ತೆರಡರಲ್ಲಿ ಒಬ್ಬರು ಡಾಕ್ಟ್ರಮ್ಮ ಮೊದಲ ಸಲ ಕೇಳಿದರು, "ಮುಟ್ಟು ಸರಿಯಾಗಿ ಆಗ್ತದಾ?" ಅಲ್ಲಿವರೆಗೆ ಕ್ರೀಮ್ ಹೇಳಿದವರು, ಹರಕೆ ಹೇಳಿದವರು ಬೇಕಾದಷ್ಟು ಜನ. ಈ ಪ್ರಶ್ನೆ ಕೇಳಿದವರು ಒಬ್ಬರೂ ಇಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯ್ತು. ಪಿಸಿಓಎಸ್ ಅಂದರು.

ಅವತ್ತು ತಿಳಿದದ್ದು ಇಷ್ಟು. ಆಂಡ್ರೊಜೆನ್‌ಗೆ "ಗಂಡಸಿನ ಹಾರ್ಮೋನ್" ಅಂತ ಹೆಸರು, ಆದರೆ ಅದು ಎಲ್ಲ ಹೆಂಗಸರ ಮೈಯಲ್ಲೂ ಸ್ವಲ್ಪ ಇರ್ತದೆ. ಅದು ಹೆಚ್ಚಾದರೆ, ಅಥವಾ ಸರಿಯಾಗಿಯೇ ಇದ್ದು ಕೂದಲಿನ ಬುಡ ಅದಕ್ಕೆ ಜಾಸ್ತಿ ಸ್ಪಂದಿಸಿದರೆ ನವಿರು ಕೂದಲು ದಪ್ಪಗೆ ಕಪ್ಪಾಗ್ತದೆ. ಹೆಚ್ಚಿನವರಲ್ಲಿ ಕಾರಣ ಪಿಸಿಓಎಸ್. ಕೆಲವರಿಗೆ ವಂಶದಿಂದ, ಕೆಲವರಿಗೆ ಮುಟ್ಟು ನಿಲ್ಲುವ ವಯಸ್ಸಿನಲ್ಲಿ, ಕೆಲವರಿಗೆ ಅಡ್ರಿನಲ್ ಗ್ರಂಥಿಯ ತೊಂದರೆಯಿಂದ ಅಥವಾ ಮಾತ್ರೆಗಳಿಂದ ಬರ್ತದೆ. ಪಿಸಿಓಎಸ್ ಇರುವವರಲ್ಲಿ ನೂರಕ್ಕೆ 70ರವರೆಗೆ ಜನರಿಗೆ ಅದು ಇರುವುದೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಗೊತ್ತಾಗದೆ ಬಿಟ್ಟರೆ ಸಕ್ಕರೆ ಕಾಯಿಲೆಯ ಅಪಾಯವೂ ಉಂಟು. ಹಾಗಾಗಿ ಇದು ಬರೀ ಚಂದದ ಪ್ರಶ್ನೆ ಅಲ್ಲ. ಕೆಲವೇ ತಿಂಗಳಲ್ಲಿ ಕೂದಲು ಒಮ್ಮೆಲೇ ಬೆಳೆದು ಸ್ವರವೂ ದಪ್ಪ ಆದರೆ ತಡ ಮಾಡಬೇಡಿ, ಗಡ್ಡೆ ಇರಬಹುದು, ಕೂಡಲೇ ಡಾಕ್ಟರ ಹತ್ತಿರ ಹೋಗಿ. ಬೋಳಿಸಿದರೆ ಕೂದಲು ದಪ್ಪ ಬರ್ತದೆ ಅನ್ನುವುದು ಸುಳ್ಳು. ಮಾತ್ರೆ ತೆಗೆದುಕೊಂಡರೂ ಗುಣ ಕಾಣಲು ಆರು ತಿಂಗಳು ಬೇಕು. ಲೇಸರಿಗೆ ಹಲವು ಸಲ ಹೋಗಬೇಕು, ಕಪ್ಪು ಚರ್ಮಕ್ಕೆ ಹೊಂದುವ ಮೆಷಿನ್ ಅಲ್ಲದಿದ್ದರೆ ಸುಟ್ಟ ಕಲೆ ಆಗ್ತದೆ. ದಿನಗೂಲಿಯ ಅಕ್ಕಂದಿರು ಆ ದುಡ್ಡು ಎಲ್ಲಿಂದ ತರುವುದು?

2024ರಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿಯಲ್ಲಿ 98.5 ಶೇಕಡಾ ತೆಗೆದು ರಾಜ್ಯಕ್ಕೇ ಮೊದಲು ಬಂದ ಹುಡುಗಿಯ ಮೀಸೆ ನೋಡಿ ದೇಶವೇ ನಕ್ಕಿತು. ಅವಳ ಅಂಕ ಯಾರಿಗೂ ಕಾಣಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇನ್ನೊಂದು ಕಡೆ ಕಣ್ಣೂರಿನ ಶೈಜಾ ಇದ್ದಾರೆ. ತನ್ನ ಮೀಸೆ ತನಗೆ ಇಷ್ಟ ಅಂತ ತೆಗೆಯದೆ ಉಳಿಸಿಕೊಂಡವರು. ತೆಗೆಯುವುದೂ ಬಿಡುವುದೂ ನಮ್ಮಿಷ್ಟ ಆಗಬೇಕು, ನಗುವವರ ಇಷ್ಟ ಅಲ್ಲ.

ನಮ್ಮ ತುಳುನಾಡಿನ ಜುಮಾದಿಯನ್ನೇ ನೋಡಿ. ಎದೆಯಲ್ಲಿ ಮೊಲೆ, ಮುಖದಲ್ಲಿ ಮೀಸೆ. ಗಂಡೂ ಹೆಣ್ಣೂ ಒಂದೇ ಮೈಯಲ್ಲಿ. ದೈವ ಕಟ್ಟುವವರು ನಮ್ಮ ಪಂಬದರು, ಪರವರು, ನಲಿಕೆಯವರು. ಗುತ್ತಿನ ಯಜಮಾನರೂ ಅದರೆದುರು ತಲೆ ಬಗ್ಗಿಸ್ತಾರೆ. ಮಾರನೇ ದಿನ ಬಸ್ಸಿನಲ್ಲಿ ಮೀಸೆ ಇರುವ ಹೆಂಗಸನ್ನು ಕಂಡರೆ ಕಿಸಕ್ಕಂತ ನಗ್ತಾರೆ.

ಇನ್ನು ನಮ್ಮ ಅಣ್ಣತಮ್ಮಂದಿರಿಗೆ ಒಂದು ಮಾತು. 2017ರಲ್ಲಿ ಗುಜರಾತಿನ ಲಿಂಬೋದರಾದಲ್ಲಿ ಮೀಸೆ ಬಿಟ್ಟದ್ದಕ್ಕೆ ದಲಿತ ಹುಡುಗರಿಗೆ ಹೊಡೆದಾಗ ನೀವೆಲ್ಲ ಮೀಸೆಯ ಫೋಟೋ ಡಿಪಿಗೆ ಹಾಕಿದಿರಿ. ನನಗೂ ಹೆಮ್ಮೆ ಆಯ್ತು. ಯಾರ ಮುಖದಲ್ಲಿ ಎಂತ ಇರಬೇಕು ಅಂತ ಜಾತಿ ತೀರ್ಮಾನಿಸಬಾರದು ಅಂತಲ್ಲವಾ ನಾವು ಹೇಳಿದ್ದು? ಹಾಗಾದರೆ ಗಂಡಸುತನವೂ ತೀರ್ಮಾನಿಸಬಾರದು. ಸಮುದಾಯದ ಪ್ರಗತಿಯನ್ನು ಹೆಂಗಸರ ಪ್ರಗತಿಯಿಂದ ಅಳೆಯುತ್ತೇನೆ ಅಂತ ಬಾಬಾಸಾಹೇಬರು 1942ರಲ್ಲಿ ನಾಗಪುರದಲ್ಲೇ ಹೇಳಿದ್ದಾರೆ.

ಹಾಗಾಗಿ ನನ್ನ ಕೋರಿಕೆ ಎರಡೇ. ನಮ್ಮ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ನೋಡುವ ಹಾಗೆ ಹೆಣ್ಣುಮಕ್ಕಳ ಮುಟ್ಟಿನ ಬಗ್ಗೆಯೂ ಕೇಳುವ ಡಾಕ್ಟ್ರಮ್ಮ ಒಬ್ಬರು ಇರಲಿ. ಮತ್ತೆ, ಅಧಿಕಾರಿಗೆ ಬಳೆ ಕೊಡುವುದು, "ಮೀಸೆ ಇದ್ದರೆ ಹೊರಗೆ ಬಾ" ಅಂತ ಕೂಗುವುದು ನಮ್ಮ ಧರಣಿಯಲ್ಲಿ ಇನ್ನು ಬೇಡ. ಆ ಘೋಷಣೆ ಕೂಗುವಾಗ ಪಕ್ಕದಲ್ಲಿ ಬಳೆ ತೊಟ್ಟು, ಮೀಸೆಯೂ ಇಟ್ಟುಕೊಂಡು ನಾನೇ ನಿಂತಿರ್ತೇನೆ ಮಾರಾಯ್ರೆ.