ಸರಕು ಇಳಿಯಿತು, ನಾವು ಇಳಿಯಲಿಲ್ಲ

2020ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯ ಗೌರಿಬಿದನೂರಿಗೆ ಕೊರೊನಾ ಬಂದ ಸುದ್ದಿ ಕೇಳಿದಾಗ ನಾನು ಹಿಂದೂ ಮಹಾಸಾಗರದ ನಡುವೆ, ಅದಿರು ಹೊತ್ತ ಹಡಗಿನ ಡೆಕ್ಕಿನಲ್ಲಿ ತುಕ್ಕು ಕೆರೆಯುತ್ತಿದ್ದೆ. ಒಂಬತ್ತು ತಿಂಗಳ ಕಾಂಟ್ರಾಕ್ಟ್ ಮುಗಿಯುತ್ತಾ ಬಂದಿತ್ತು. ಇಳಿದು ಶಿಡ್ಲಘಟ್ಟದ ಹತ್ತಿರದ ನಮ್ಮೂರಿಗೆ ಹೋಗುವುದಷ್ಟೇ ಬಾಕಿ ಎಂದುಕೊಂಡಿದ್ದೆ.

ಬಂದರುಗಳು ಒಂದೊಂದಾಗಿ ಬಾಗಿಲು ಹಾಕಿದವು. ಸರಕು ಇಳಿಸಬಹುದು, ಮನುಷ್ಯರು ಇಳಿಯುವಂತಿಲ್ಲ. ನಮ್ಮ ಬದಲಿಗೆ ಬರಬೇಕಾದವರು ಅವರವರ ಊರುಗಳಲ್ಲೇ ಸಿಕ್ಕಿಕೊಂಡಿದ್ದರು. ಆ ವರ್ಷದ ಕೊನೆಗೆ ಹೀಗೆ ಅವಧಿ ಮೀರಿ ಹಡಗುಗಳಲ್ಲೇ ಉಳಿದವರು ಜಗತ್ತಿನಲ್ಲಿ ಸುಮಾರು 4 ಲಕ್ಷ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಹೇಳಿತು. ಅವರಲ್ಲಿ ನಾನೂ ಒಬ್ಬ.

ಮಳೆಗಾಲದಲ್ಲಿ ನನ್ನ ದವಡೆ ಹಲ್ಲು ಕೀವು ಕಟ್ಟಿತು. ಕೆನ್ನೆ ಊದಿಕೊಂಡು ಬಾಯಿ ತೆರೆಯಲಾಗದು, ಜ್ವರ ಬೇರೆ. ಕ್ಯಾಪ್ಟನ್ ದಡದ ವೈದ್ಯರನ್ನು ಕೇಳಿ ಕೇಳಿ ಮಾತ್ರೆ ಕೊಟ್ಟರು. ಲಂಗರು ಹಾಕಿದ್ದ ಕಡೆಯಿಂದ ಪಟ್ಟಣದ ದೀಪಗಳು ಕಾಣುತ್ತಿದ್ದವು. ಹಲ್ಲು ಕೀಳಿಸಿಕೊಂಡು ಬರಲು ಅನುಮತಿ ಕೇಳಿದರೆ ಇಲ್ಲ ಎಂಬ ಉತ್ತರ. ಗಂಜಿ ಕುಡಿದುಕೊಂಡೇ ರಾತ್ರಿ ಹನ್ನೆರಡರಿಂದ ನಾಲ್ಕರವರೆಗಿನ ವಾಚ್, ಅಂದರೆ ಕಾವಲು ಪಾಳಿ, ಮಾಡಿದೆ. ಕಟಕಟೆ ಹಿಡಿದು ಕೆಳಗಿನ ಕಪ್ಪು ನೀರನ್ನೇ ನೋಡುತ್ತಾ ನಿಂತ ರಾತ್ರಿಗಳಿದ್ದವು. ಆಗ ಏನೇನು ಯೋಚಿಸಿದೆನೋ ಅದನ್ನು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಜೊತೆಗೆ ವಾಚ್ ಮಾಡುತ್ತಿದ್ದ ಘಾನಾ ದೇಶದ ಗೆಳೆಯ ನನ್ನನ್ನು ಗಮನಿಸಿದ್ದನೇನೋ. ಒಂದು ರಾತ್ರಿ ಬಿಲ್ ಪಿಂಕ್ನಿಯ ಕಥೆ ಹೇಳಿದ. ಷಿಕಾಗೋದಲ್ಲಿ ಹುಟ್ಟಿದ ಕಪ್ಪು ಮನುಷ್ಯ. 1990ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ‘ಕಮಿಟ್‌ಮೆಂಟ್’ ಎಂಬ 47 ಅಡಿಯ ಹಾಯಿದೋಣಿಯಲ್ಲಿ ಬಾಸ್ಟನ್ನಿನಿಂದ ಒಬ್ಬನೇ ಭೂಮಿ ಸುತ್ತಲು ಹೊರಟ. ಅದಕ್ಕೂ ಮೊದಲೇ, 1987ರಲ್ಲಿ, ಟೆಡ್ಡಿ ಸೇಮೂರ್ ಎಂಬ ಇನ್ನೊಬ್ಬ ಕಪ್ಪು ನಾವಿಕ ಒಂಟಿಯಾಗಿ ಭೂಮಿ ಸುತ್ತಿ ಮುಗಿಸಿದ್ದ. ಪಿಂಕ್ನಿ ದಕ್ಷಿಣದ ಐದು ಭೂಶಿರಗಳ ದಾರಿ ಹಿಡಿದ. ಕೇಪ್ ಹಾರ್ನ್ ಸುತ್ತಿಕೊಂಡು 1992ರ ಜೂನ್‌ನಲ್ಲಿ ಬಾಸ್ಟನ್ನಿಗೆ ಮರಳಿದ. ಆ ದಾರಿಯಲ್ಲಿ ಒಂಟಿಯಾಗಿ ಹೋಗಿಬಂದ ಮೊದಲ ಕಪ್ಪು ಅಮೆರಿಕನ್ ಅವನೇ.

ನನಗೆ ನಾಟಿದ್ದು ಬೇರೆ ಸಂಗತಿ. ಬಾಸ್ಟನ್ ಮತ್ತು ಷಿಕಾಗೋದ ಸಾವಿರಾರು ಶಾಲಾಮಕ್ಕಳು ತರಗತಿಯಲ್ಲೇ ಕುಳಿತು ಅವನ ದೋಣಿ ಎಲ್ಲಿದೆ ಎಂದು ಲೆಕ್ಕ ಇಡುತ್ತಿದ್ದರಂತೆ. ಅಷ್ಟು ಮಕ್ಕಳು ಕಾಯುತ್ತಿರುವಾಗ ಮನುಷ್ಯ ಕೈಚೆಲ್ಲಲಾರ.

ಅವನು ಒಂಟಿತನವನ್ನು ತಾನೇ ಆರಿಸಿಕೊಂಡಿದ್ದ. ನಮ್ಮ ಮೇಲೆ ಅದನ್ನು ಹೇರಲಾಗಿತ್ತು. ಆದರೂ ಅಂದಿನಿಂದ ಫೋನ್ ಸಿಕ್ಕಾಗಲೆಲ್ಲ ನಾನಿರುವ ಜಾಗವನ್ನು ಅಣ್ಣನ ಮಗಳಿಗೆ ಹೇಳತೊಡಗಿದೆ. ಅವಳು ಶಾಲೆಯ ಭೂಪಟದಲ್ಲಿ ಗುರುತು ಹಾಕುತ್ತಿದ್ದಳು. ಅಮ್ಮ ಮನೆಯ ರೇಷ್ಮೆ ಹುಳುಗಳ ಸುದ್ದಿ ಹೇಳುತ್ತಿದ್ದಳು: “ಹುಳ ಮೂರನೇ ಜ್ವರದಿಂದ ಎದ್ದವೆ ಕಣಪ್ಪಾ, ಸೊಪ್ಪು ಸಾಲ್ದು.” (ಹುಳ ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ.) ಮುಂದಿನ ಸಲ, ಗೂಡು ಮಾರುಕಟ್ಟೆಗೆ ಹೋಯಿತು. ಅದರ ಮುಂದಿನ ಸಲ, ಹೊಸ ಚಾಕಿ, ಅಂದರೆ ಮರಿಹುಳ, ಬಂತು. ತಾರೀಖು ಲೆಕ್ಕ ಹಾಕುವುದನ್ನು ಬಿಟ್ಟು ಬೆಳೆಯಿಂದ ಬೆಳೆಗೆ ಬದುಕಿದೆ.

ವರ್ಷ ದಾಟಿದ ಮೇಲೆ ಕೊನೆಗೂ ಇಳಿಸಿದರು. ಕ್ವಾರಂಟೈನ್ ಮುಗಿಸಿ ಚಿಕ್ಕಬಳ್ಳಾಪುರದಲ್ಲಿ ಹಲ್ಲು ಕೀಳಿಸಿಕೊಂಡು ಊರು ಸೇರಿದೆ. ಬಹಳ ದಿನ ಮಧ್ಯರಾತ್ರಿ ಹನ್ನೆರಡಕ್ಕೆ ಎಚ್ಚರವಾಗುತ್ತಿತ್ತು.

ಚಿಂತಾಮಣಿ ಕಡೆಯ ಹುಡುಗರು ಈಗ ಹಡಗಿನ ಕೆಲಸ ಹೇಗೆ ಎಂದು ನನ್ನನ್ನು ಕೇಳುತ್ತಾರೆ. ಹೋಗಬೇಡಿ ಎನ್ನುವುದಿಲ್ಲ. ದುಡಿಯುವವರನ್ನು ವರ್ಷಗಟ್ಟಲೆ ಹಡಗಿನಲ್ಲೇ ಇಟ್ಟುಕೊಳ್ಳುವಂತಿಲ್ಲ, ಕಾಯಿಲೆಯಾದರೆ ದಡದ ಚಿಕಿತ್ಸೆ ಸಿಗಬೇಕು ಎಂದು 2006ರ ಕಡಲ ಕಾರ್ಮಿಕರ ಒಪ್ಪಂದ ಹೇಳುತ್ತದೆ. ಭಾರತವೂ ಅದನ್ನು ಅನುಮೋದಿಸಿದೆ. ಕಾಂಟ್ರಾಕ್ಟ್‌ಗೆ ಸಹಿ ಮಾಡುವ ಮೊದಲು ಆ ಒಪ್ಪಂದವನ್ನು ಓದಿಕೊಳ್ಳಿ ಎನ್ನುತ್ತೇನೆ. ಮನೆಯವರಿಗೆ ಹೇಳುವುದು ಒಂದೇ: ಮಗ ಎಲ್ಲಿದ್ದಾನೆಂದು ಪ್ರತಿ ಸಲವೂ ಕೇಳಿ, ಹಟ್ಟಿಯ ಸಣ್ಣ ಸುದ್ದಿಯನ್ನೂ ಹೇಳಿ. ನನ್ನನ್ನು ಉಳಿಸಿದ್ದು ಅದೇ.